ಕ್ರೈಸ್ತಶ್ರದ್ಧೆಯ ಕಲ್ಪಿತಕಥೆ: ‘ಯಾತ್ರಿಕನ ಸಂಚಾರ’ವನ್ನು ನಿಮಿತ್ತವಾಗಿಟ್ಟುಕೊಂಡು ಒಂದು ವಿಮರ್ಶೆ

೧

ಉಪದೇಶವಾಕ್ಯವು ಮೂರು ತೆರನೆಂದು ಆಲಂಕಾರಿಕರು ವಿಭಾಗಿಸಿರುವರು. ಪ್ರಭುವಿನಂತೆ ಆಜ್ಞಾಪಿಸತಕ್ಕದ್ದು ವೇದ. ಮಿತ್ರನಂತೆ ಹಿತವನ್ನು ತಿಳಿಯಹೇಳತಕ್ಕದ್ದು ಇತಿಹಾಸ ಪುರಾಣ. ಕಾಂತೆಯಂತೆ ರಸದಿಂದ ಒಲಿಸಿ ದಾರಿಗೆ ತರತಕ್ಕದ್ದು ಕಾವ್ಯ. ಈ ವಿಭಾಗವು ಒಂದು ದೇಶಕ್ಕಾಗಲಿ ಒಂದು ಮತಕ್ಕಾಗಲಿ ಸೇರಿದುದಲ್ಲ. ದೇವರಲ್ಲಿ ಶ್ರದ್ಧೆಯುಳ್ಳವನೊಬ್ಬನು ಲೋಕದಲ್ಲಿ ಎಂದೂ ನಡೆಯದ ಅದ್ಭುತವನ್ನು ಕಲ್ಪಿಸಿ, ಆ ಕಲ್ಪನೆಯ ಮೂಲಕ ತನ್ನ ಶ್ರದ್ಧೆಯನ್ನು ಓದುಗರ ಹೃದಯಕ್ಕೆ ಮುಟ್ಟಿಸಲು ಯತ್ನಿಸಿದಾಗಲೆಲ್ಲ ಒಂದು ಪ್ರಶ್ನೆ ಏಳುವುದು: ಆ ಕಥೆಯು ಕಾಂತೆಯಂತೆ ನಡೆದುಕೊಳ್ಳುವುದೋ, ಅಥವಾ ಕಾಂತೆಯ ವೇಷವನ್ನು ತೊಟ್ಟ ಪ್ರಭುವೋ?

ಯೂರೋಪಖಂಡದಲ್ಲಿ ಕ್ರೈಸ್ತಶ್ರದ್ಧೆಯಿಂದ ಹುಟ್ಟಿದ ಅದ್ಭುತಕಥೆಗಳ ಪರಂಪರೆ ದೊಡ್ಡದು. ಅದರಲ್ಲಿ ಕನ್ನಡಕ್ಕೆ ಬಹು ಮುಂಚೆ ಬಂದು ಸೇರಿದ ಗ್ರಂಥ ಒಂದುಂಟು. ಜಾನ್ ಬನ್ಯನ್ ಎಂಬ ಆಂಗ್ಲೇಯನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಎಂಬ ಸ್ವಪ್ನಕಥೆಯು ೧೮೪೭ರಲ್ಲಿ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡದಲ್ಲಿ ಪ್ರಕಟವಾಯಿತು. ಕೆಂಪುನಾರಾಯಣನ ‘ಮುದ್ರಾಮಂಜೂಷ’ವು (೧೮೨೩) ಹುಟ್ಟಿ ಆಗ ಇಪ್ಪತ್ತನಾಲ್ಕು ವರ್ಷಗಳಾಗಿದ್ದುವು, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು (೧೮೯೯) ಹುಟ್ಟಲು ಇನ್ನೂ ಐವತ್ತೆರಡು ವರ್ಷಗಳು ಉಳಿದಿದ್ದುವು. ಕನ್ನಡ ಗದ್ಯಕಥೆಯ ಚರಿತ್ರೆಯಲ್ಲಿ ಈ ಗ್ರಂಥದ ಹೆಸರನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಅದರ ಕಥಾವಸ್ತುವನ್ನು ಕಾವ್ಯಮೀಮಾಂಸೆಯ ಒರೆಗಲ್ಲಿಗೆ ಹಚ್ಚಿ ನೋಡಿದರೆ, ಮೇಲಿನ ಪ್ರಶ್ನೆಗೆ ಉತ್ತರವು ಸ್ವಲ್ಪಮಟ್ಟಿಗೆ ದೊರೆಯಬಹುದು.

ಈ ವಿಚಾರಕ್ಕೆ ಕೊಡಗುಸೀಮೆಯು ತಕ್ಕ ನೆಲೆಯಾಗಿದೆ. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗನು ೧೮೫೩ರಲ್ಲಿ ಕೊಡಗಿಗೆ ಬಂದನು. ಕ್ರೈಸ್ತಮತವನ್ನು ಸ್ವೀಕರಿಸಿದ ಕೊಡವ ಮನೆತನದ ಸೋಮಯ್ಯನೆಂಬವನ ನಿಮಿತ್ತವಾಗಿ ಅವನು ಆ ಸೀಮೆಯನ್ನು ಪ್ರವೇಶಿಸಿದನು. ಕೆಲವು ವರ್ಷಗಳಲ್ಲಿ ಸಿದ್ದಾಪುರ ಅಮ್ಮತ್ತಿಗಳ ಕಡೆಯಲ್ಲಿ ಆನಂದಪುರವೆಂಬ ಕ್ರೈಸ್ತರ ಊರು ಏರ್ಪಟ್ಟಿತು. ಸಿದ್ದಾಪುರಕ್ಕೆ ಎದುರಾಗಿ ಕಾವೇರಿಯ ಇನ್ನೊಂದು ದಡದಲ್ಲಿರುವುದು ನೆಲ್ಯಹುದಿಕೇರಿ. ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಕಾಫಿ ತೋಟಗಳ ನಡುವೆ ಒಂದೇ ಹೊಳೆಯ ನೀರನ್ನು ಕುಡಿದು ಬಾಳುತ್ತಿರುವ ಊರು ಅದು. ಅಲ್ಲಿಯ ಓದುಗನ ಕೈಗೆ ಬನ್ಯನ್ನನ ಕಥೆಯನ್ನಿತ್ತರೆ ಅದು ಹೇಗೆ ಕಾಣಿಸೀತು ಎಂಬುದು ವಿನೋದದ ಪ್ರಶ್ನೆಯಲ್ಲ. ಗ್ರಂಥದ ಗುಣದೋಷಗಳೆರಡೂ ಅಲ್ಲಿ ಸ್ಫುಟವಾಗಿ ತೋರುವುವು.

೨

ಕಥಾಸಂಗ್ರಹವು ಹೀಗಿದೆ. ಬನ್ಯನ್ (೧೬೨೮–೧೬೮೮) ಬೆಡ್‌ಫರ್ಡ್ ಪ್ರಾಂತದ ಪಾತ್ರೆ ರಿಪೇರಿಯ ಕಸುಬಿನವನು. ರಾಜಾಜ್ಞೆಯನ್ನು ಮೀರಿ ಧರ್ಮೋಪದೇಶ ಮಾಡಿದುದಕ್ಕಾಗಿ ೧೬೬೦ರಿಂದ ಸುಮಾರು ಹನ್ನೆರಡು ವರ್ಷ ಸೆರೆಯಲ್ಲಿದ್ದನು. ಗ್ರಂಥದ ಮೊದಲನೆಯ ಭಾಗವು ೧೬೭೮ರಲ್ಲಿಯೂ ಎರಡನೆಯದು ೧೬೮೪ರಲ್ಲಿಯೂ ಹೊರಬಂದುವು. ಕವಿಯು ಒಂದು ಕನಸು ಕಾಣುವನು. ನಾಶಪುರದಲ್ಲಿ ವಾಸಿಸುವ ಕ್ರಿಸ್ತೀಯನೆಂಬವನು ಬೆನ್ನ ಮೇಲೆ ಹೊರೆಯನ್ನು ಹೊತ್ತು, ಮುಂಬರುವ ವಿನಾಶಕ್ಕೆ ಹೆದರಿ, ಹೆಂಡಿರುಮಕ್ಕಳ ಕೂಗು ಕೇಳದಂತೆ ಕಿವಿಗಳನ್ನು ಮುಚ್ಚಿಕೊಂಡು ಓಡುವನು. ನಿರಾಶೆಯ ಕೆಸರು, ಇಕ್ಕಟ್ಟಿನ ಬಾಗಿಲು, ಶಿಲುಬೆಯ ದಿಬ್ಬ, ದೈನ್ಯದ ಕಣಿವೆ, ಮರಣಚ್ಛಾಯೆಯ ಕಣಿವೆ, ಮಾಯಾಪೇಟೆ, ಸಂಶಯದ ಕೋಟೆ ಇವನ್ನೆಲ್ಲ ದಾಟಿ, ಕಡೆಗೆ ಸೇತುವೆಯಿಲ್ಲದ ಒಂದು ಹೊಳೆಯನ್ನು ಹಾಯ್ದು ದಿವ್ಯಪುರವನ್ನು ಸೇರುವನು.

ಗುಣಗಳಿಗೂ ದೋಷಗಳಿಗೂ ಮನುಷ್ಯರೂಪವನ್ನು ಕೊಟ್ಟು ಕಥೆ ಕಟ್ಟುವ ಈ ಕ್ರಮವು ಭಾರತೀಯರಿಗೆ ಹೊಸತೇನೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಂದೇಲರಾಜನಾದ ಕೀರ್ತಿವರ್ಮನ ಆಸ್ಥಾನದಲ್ಲಿ ಮೆರೆದ ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ದಲ್ಲಿ ವಿವೇಕ ಮಹಾಮೋಹರು ಅರಸರು; ಶ್ರದ್ಧೆ, ಶಾಂತಿ, ದಂಭ, ಅಹಂಕಾರ ಮೊದಲಾದವರು ಪಾತ್ರಗಳು. ಅದಕ್ಕೂ ಮೊದಲು, ೯೦೬ರಲ್ಲಿ, ಜೈನಾಚಾರ್ಯ ಸಿದ್ಧರ್ಷಿಯು ‘ಉಪಮಿತಿಭವಪ್ರಪಂಚಕಥಾ’ ಎಂಬ ಮಹಾಗ್ರಂಥದಲ್ಲಿ ಸಂಸಾರಿಜೀವನ ಅನೇಕ ಭವಗಳ ಅಲೆದಾಟವನ್ನು ಬಣ್ಣಿಸಿದನು. ಕನ್ನಡದಲ್ಲಿಯೇ ಹದಿನೈದನೆಯ ಶತಮಾನದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಬನವಸೆಯ ಅರಸನಿಗೆ ಮಮಕಾರನೆಂದೂ, ಅವನ ರಾಣಿಗೆ ಮೋಹಿನಿಯೆಂದೂ, ಮಗಳಿಗೆ ಮಾಯೆಯೆಂದೂ ಹೆಸರಿಟ್ಟನು.

ಆದರೆ ಹೋಲಿಕೆಯು ಹೆಸರಿಡುವ ಕ್ರಮದಲ್ಲಿಯೇ ಮುಗಿಯುವುದು. ಕೃಷ್ಣಮಿಶ್ರನಲ್ಲಿ ನಡೆಯುವುದು ಒಂದೇ ಮನಸ್ಸಿನೊಳಗಣ ಯುದ್ಧ. ಅಲ್ಲಿ ಮುಸುಕು ಸರಿದಾಗ ಪುರುಷನು ತಾನಿದ್ದಲ್ಲಿಯೇ ತನ್ನನ್ನು ತಿಳಿಯುವನು. ಸಿದ್ಧರ್ಷಿಯಲ್ಲಿ ಪ್ರಯಾಣವುಂಟು, ಆದರೆ ಎಡವಿದವನಿಗೆ ಇನ್ನೊಂದು ಭವವುಂಟು, ಅದೂ ಕೆಟ್ಟರೆ ಮತ್ತೊಂದುಂಟು. ಜನ್ನನ ಯಶೋಧರನು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟು ಜನ್ಮಜನ್ಮಾಂತರಗಳಲ್ಲಿ ತೊಳಲಿದರೂ ಕಡೆಗೊಂದು ಬಿಡುಗಡೆಯನ್ನು ಕಾಣುವನು. ಬನ್ಯನ್ನನಲ್ಲಿ ಜನ್ಮ ಒಂದೇ, ದಾರಿ ಒಂದೇ, ತಪ್ಪಿದರೆ ಎರಡನೆಯ ಅವಕಾಶವಿಲ್ಲ. ಮತಸಿದ್ಧಾಂತವೊಂದು ಕಥೆಯ ಕಟ್ಟಡವನ್ನೇ ಮಾರ್ಪಡಿಸುವುದಕ್ಕೆ ಇದು ಉತ್ತಮವಾದ ನಿದರ್ಶನ. ಪುನರ್ಜನ್ಮವನ್ನು ನಂಬುವ ಕಥೆಗೆ ಸಹಜವಾದ ಭಾವ ನಿರ್ವೇದ; ಏಕಜನ್ಮವನ್ನು ನಂಬುವ ಕಥೆಗೆ ಸಹಜವಾದ ಭಾವ ತ್ವರೆ. ಮುಂದೇನಾಗುವುದೋ ಎಂಬ ಔತ್ಸುಕ್ಯವು ಬನ್ಯನ್ನನ ಪುಟಪುಟದಲ್ಲಿಯೂ ಇರುವುದಕ್ಕೆ ಅವನ ಕಥನಚಾತುರ್ಯವಷ್ಟೇ ಕಾರಣವಲ್ಲ. ಅವನ ಶ್ರದ್ಧೆಯೂ ಕಾರಣ. ಶ್ರದ್ಧೆಯು ಕಲ್ಪಿತಕಥೆಗೆ ಹೊರೆಯೆಂದು ತಿಳಿಯುವವರು ಇದನ್ನು ಗಮನಿಸತಕ್ಕದ್ದು.

೩

ಇನ್ನು ಗ್ರಂಥದ ಕಾವ್ಯತ್ವವನ್ನು ವಿಚಾರಿಸಬೇಕು. ಅಪ್ರಸ್ತುತವನ್ನು ಹೇಳಿ ಪ್ರಸ್ತುತವನ್ನು ತಿಳಿಸುವುದೇ ಅನ್ಯೋಕ್ತಿಯ ಜೀವ. ತಾವರೆಯನ್ನು ಬಿಟ್ಟುಹೋದ ದುಂಬಿಯನ್ನು ವರ್ಣಿಸಿದಾಗ ಕೃತಘ್ನನಾದ ಗೆಳೆಯನು ಹೊಳೆಯಬೇಕು. ದುಂಬಿಗೆ ‘ಕೃತಘ್ನ’ನೆಂದು ಹೆಸರಿಟ್ಟುಬಿಟ್ಟರೆ ಹೊಳೆಯುವುದಕ್ಕೆ ಏನೂ ಉಳಿಯದು. ವ್ಯಂಗ್ಯವಾಗಬೇಕಾದುದು ವಾಚ್ಯವಾದರೆ ಸಹೃದಯನಿಗೆ ಕೆಲಸವೇ ಇಲ್ಲ. ಬನ್ಯನ್ನನು ದಾರಿಯಲ್ಲಿ ಸಿಗುವ ಪ್ರತಿಯೊಬ್ಬನ ಹಣೆಯ ಮೇಲೂ ಹೆಸರನ್ನು ಬರೆದಿರುವನು. ಲೋಕಚತುರ, ಹಠಮಾರಿ, ಚಂಚಲ, ವಾಚಾಳ ಎಂಬಂಥ ಹೆಸರುಗಳು ಕೇಳಿದೊಡನೆ ಅವರೇನು ಮಾಡುವರೆಂಬುದು ತಿಳಿದುಹೋಗುವುದು. ವ್ಯಾಖ್ಯಾನಕಾರನ ಮನೆಯಲ್ಲಿ ಒಂದೊಂದು ಚಿತ್ರವನ್ನು ತೋರಿಸಿ ಒಂದೊಂದು ಅರ್ಥವನ್ನು ಹೇಳುವ ಪ್ರಕರಣವು ಪಾಠಶಾಲೆಯ ಪ್ರಶ್ನೋತ್ತರದಂತಿದೆ. ಆನಂದವರ್ಧನನ ಮಾನದಂಡದಲ್ಲಿ ಇವು ಗುಣೀಭೂತವ್ಯಂಗ್ಯಕ್ಕಿಂತಲೂ ಕೆಳಗೆ, ಚಿತ್ರಕಾವ್ಯಕ್ಕೆ ಹತ್ತಿರವಾಗಿ ನಿಲ್ಲುವುವು.

ಅಷ್ಟರಿಂದಲೇ ಗ್ರಂಥವನ್ನು ತಳ್ಳಿಹಾಕುವುದು ಅನ್ಯಾಯ. ಹೆಸರುಗಳನ್ನು ಮರೆಸಿ, ಅರ್ಥವನ್ನು ತಾನಾಗಿ ಬೆಳಗುವ ಸ್ಥಳಗಳೂ ಅಲ್ಲಿವೆ. ಮೂರನ್ನು ಎತ್ತಿ ತೋರಿಸಬಹುದು.

ಮೊದಲನೆಯದು, ಹೊರೆ ಬೀಳುವ ಸ್ಥಳ. ಯಾತ್ರಿಕನು ಹೊರೆಯನ್ನು ಕಿತ್ತೆಸೆಯಲು ದಾರಿಯುದ್ದಕ್ಕೂ ಹವಣಿಸಿ ಸೋತಿರುವನು. ಶಿಲುಬೆಯ ಬಳಿಗೆ ಬಂದಾಗ ಅವನು ಏನನ್ನೂ ಮಾಡುವುದಿಲ್ಲ; ಹೊರೆಯು ತಾನಾಗಿ ಕಳಚಿ, ಉರುಳಿ, ಸಮಾಧಿಯ ಬಾಯಲ್ಲಿ ಮರೆಯಾಗುವುದು. ಕೃಪೆಯೆಂಬ ತತ್ತ್ವವನ್ನು ಕುರಿತು ಒಂದು ಮಾತೂ ಇಲ್ಲದೆ ಕೃಪೆಯು ಅನುಭವಕ್ಕೆ ಬರುವುದು. ಕರ್ಮವು ಭೋಗದಿಂದ ತೀರಬೇಕು, ಇಲ್ಲವೆ ಜ್ಞಾನಾಗ್ನಿಯಿಂದ ಸುಡಬೇಕು ಎಂದು ಕೇಳಿ ಬೆಳೆದವನಿಗೆ ಇದು ಅಪೂರ್ವವೆನಿಸಬಹುದು. ಆದರೆ ಶರಣರ ಪ್ರಸಾದಭಾವವನ್ನೂ ದಾಸರ ಶರಣಾಗತಿಯನ್ನೂ ಬಲ್ಲ ಕನ್ನಡಿಗನಿಗೆ ಇದು ಪರಕೀಯವಲ್ಲ. ೧೮೫೦ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದವನೂ ಮೋಗ್ಲಿಂಗನೇ ಎಂಬುದು ಇಲ್ಲಿ ಸ್ಮರಣೀಯವಾಗಿದೆ.

ಎರಡನೆಯದು, ಸಂಶಯದ ಕೋಟೆ. ಹತಾಶನೆಂಬ ರಾಕ್ಷಸನು ಯಾತ್ರಿಕರಿಬ್ಬರನ್ನು ಬುಧವಾರದಿಂದ ಶನಿವಾರದವರೆಗೆ ಕತ್ತಲೆಯಲ್ಲಿ ಕೂಡಿಹಾಕಿ, ಆತ್ಮಹತ್ಯೆ ಮಾಡಿಕೊಳ್ಳುವಂತೆ ಪ್ರೇರೇಪಿಸುವನು. ಬೆಳಗಾಗುವುದಕ್ಕೆ ಮುಂಚೆ ಕ್ರಿಸ್ತೀಯನಿಗೆ, ತನ್ನ ಎದೆಯಲ್ಲಿಯೇ ಬೀಗದ ಕೈಯೊಂದು ಇದ್ದುದು ನೆನಪಾಗುವುದು. ಬೀಗದ ಕೈಗೆ ‘ವಾಗ್ದಾನ’ವೆಂಬ ಹೆಸರಿದ್ದರೂ ಇಲ್ಲಿ ಓದುಗನನ್ನು ತಟ್ಟುವುದು ಹೆಸರಲ್ಲ, ಇಷ್ಟು ದಿನವೂ ಅದು ಅಲ್ಲಿಯೇ ಇತ್ತಲ್ಲ ಎಂಬ ವಿಸ್ಮಯ. ಹೊರಗಣ ಕಬ್ಬಿಣದ ಬಾಗಿಲ ಬೀಗವು ಮಾತ್ರ ಬಹಳ ಬಿಗಿಯಾಗಿತ್ತೆಂದು ಹೇಳಿರುವುದರಲ್ಲಿ ಸೆರೆಮನೆಯನ್ನು ಬಲ್ಲವನ ಅನುಭವ ಕಾಣುವುದು.

ಮೂರನೆಯದು, ಗ್ರಂಥದ ಕೊನೆ. ನಾಯಕನು ದಿವ್ಯಪುರವನ್ನು ಸೇರಿದ ಮೇಲೆ ಕಥೆ ಮಂಗಳದಿಂದ ಮುಗಿಯಬಹುದಾಗಿತ್ತು. ಹಾಗಾಗದೆ, ಅಜ್ಞನೆಂಬ ಮತ್ತೊಬ್ಬ ಪ್ರಯಾಣಿಕನು ಅಂಬಿಗನೊಬ್ಬನ ದೋಣಿಯಲ್ಲಿ ಕುಳಿತು ಹೊಳೆಯನ್ನು ಸುಲಭವಾಗಿ ದಾಟಿ, ಬಾಗಿಲವರೆಗೂ ಬಂದು, ತೋರಿಸುವುದಕ್ಕೆ ಮುದ್ರಾಪತ್ರವಿಲ್ಲದೆ, ಕೈಕಾಲು ಕಟ್ಟಿಸಿಕೊಂಡು ನರಕದ ಬಾಗಿಲೊಳಕ್ಕೆ ನೂಕಲ್ಪಡುವನು. ಸ್ವರ್ಗದ ಹೊಸ್ತಿಲಿನಿಂದಲೂ ನರಕಕ್ಕೊಂದು ದಾರಿಯಿದೆಯೆಂದು ಕಂಡು ಕನಸುಗಾರನು ಎಚ್ಚರುವನು. ಶಾಂತದಲ್ಲಿ ನಿಲ್ಲಬೇಕಾದ ಕೃತಿಯನ್ನು ಭಯಾನಕದಲ್ಲಿ ಬಿಟ್ಟುಹೋಗುವುದು ಭಾರತೀಯ ಪದ್ಧತಿಗೆ ವಿರುದ್ಧ. ಇದು ದೋಷವೆಂದು ಕೆಲವರು ಹೇಳಬಹುದು, ಕ್ರೌರ್ಯವೆಂದರೂ ಸಲ್ಲುವುದು. ಆದರೆ ಮತೋಪದೇಶಕ್ಕಾಗಿ ಓದುಗನನ್ನು ಓಲೈಸುವವನು ಹೀಗೆ ಬರೆಯಲಾರನು. ಇಲ್ಲಿ ಕವಿಯು ಹೆದರಿಸುವವನಾಗಿ ತೋರುವುದಿಲ್ಲ, ತಾನೇ ಹೆದರಿದವನಾಗಿ ತೋರುವನು.

೪

ಕೊಡಗಿನ ಓದುಗನ ದೃಷ್ಟಿಯಿಂದ ಗ್ರಂಥದ ಶೀರ್ಷಿಕೆಯೇ ಚರ್ಚಾಸ್ಪದವಾಗಿದೆ. ಯಾತ್ರೆಯೆಂಬ ಶಬ್ದಕ್ಕೆ ಕನ್ನಡದಲ್ಲಿ ಹೋಗುವಿಕೆಯಷ್ಟೇ ಅರ್ಥವಲ್ಲ. ಮರಳಿ ಬರುವಿಕೆಯೂ ಅದರಲ್ಲಿ ಅಡಗಿದೆ. ತುಲಾಸಂಕ್ರಮಣದಲ್ಲಿ ತಲಕಾವೇರಿಗೆ ಹೋದವನು ತೀರ್ಥವನ್ನು ತುಂಬಿಕೊಂಡು ಮನೆಗೆ ಬರುವನು. ಹೋಗಲಾರದೆ ಉಳಿದ ಮುದುಕರಿಗೂ ಮಕ್ಕಳಿಗೂ ಅದನ್ನು ಹಂಚುವನು. ಯಾತ್ರೆಯ ಫಲವು ಮನೆಯಲ್ಲಿ ಪೂರ್ಣವಾಗುವುದು. ಬನ್ಯನ್ನನ ಯಾತ್ರಿಕನು ಮರಳುವುದಿಲ್ಲ. ಹೆಂಡಿರುಮಕ್ಕಳ ಕೂಗಿಗೆ ಕಿವಿ ಮುಚ್ಚಿಕೊಂಡು ಓಡುವ ಅವನನ್ನು ಇಲ್ಲಿಯ ಓದುಗನು ಯಾತ್ರಿಕನೆಂದು ತಿಳಿಯುವುದಕ್ಕಿಂತ ಸನ್ಯಾಸಿಯೆಂದು ತಿಳಿಯುವುದೇ ಸಹಜ. ಕಪಿಲವಸ್ತುವನ್ನು ಬಿಟ್ಟು ಹೊರಟ ಸಿದ್ಧಾರ್ಥನನ್ನು ಅವನು ನೆನೆಯುವನು. ಆದರೆ ಸಿದ್ಧಾರ್ಥನೂ ಬೋಧಿಯಾದ ಮೇಲೆ ಮಡದಿ ಮಗನಿದ್ದ ಊರಿಗೆ ಬಂದನು.

ಬನ್ಯನ್ನನಿಗೂ ಈ ಕೊರತೆ ತೋರಿರಬೇಕು. ಎರಡನೆಯ ಭಾಗದಲ್ಲಿ ಹೆಂಡತಿಯೂ ಮಕ್ಕಳೂ ಅದೇ ದಾರಿಯಲ್ಲಿ, ನೆರೆಯವಳಾದ ಕರುಣೆಯೊಡನೆ, ಗುಂಪಾಗಿ, ಹಾಡುತ್ತ, ದಾರಿಯಲ್ಲಿ ಮದುವೆಗಳನ್ನು ಮಾಡಿಕೊಳ್ಳುತ್ತ ಹೋಗುವರು. ಕಾವ್ಯದೃಷ್ಟಿಯಿಂದ ಅದು ಮೊದಲನೆಯದಕ್ಕಿಂತ ಸಡಿಲವಾದರೂ ಗೃಹಸ್ಥರ ನಾಡಿಗೆ ಅದೇ ಹೆಚ್ಚು ಹೊಂದತಕ್ಕದ್ದು. ಹೊಸ ಮತವನ್ನು ಹಿಡಿದುದರಿಂದ ನಂಟರಿಷ್ಟರಿಂದ ಬೇರೆಯಾಗಬೇಕಾಗಿ ಬಂದವರಿಗೆ ಮಾತ್ರ ಮೊದಲನೆಯ ಭಾಗದ ಆರಂಭವು ರೂಪಕವಾಗಿ ಕಾಣಲಾರದು. ಅದು ಅವರ ದಿನಚರಿಯೇ ಆಗಿರುವುದು.

ಹೊಳೆಯ ವಿಷಯವೂ ಹೀಗೆಯೇ. ಬನ್ಯನ್ನನ ಹೊಳೆ ಮೃತ್ಯು. ಅದರ ಆಳವು ದಾಟುವವನ ನಂಬಿಕೆಯನ್ನು ಅನುಸರಿಸಿ ಹೆಚ್ಚುವುದು, ಕಡಮೆಯಾಗುವುದು. ಧೀರನಾಗಿ ಬಂದ ಕ್ರಿಸ್ತೀಯನೇ ಅಲ್ಲಿ ಮುಳುಗತೊಡಗುವನು. ಜೊತೆಗಾರನು ಅವನ ತಲೆಯನ್ನು ಎತ್ತಿಹಿಡಿಯುವನು. ವೈತರಣಿಯನ್ನು ಕೇಳಿದವನಿಗೆ ಇದು ಅರ್ಥವಾಗುವುದು. ಆದರೆ ಕೊಡಗಿನಲ್ಲಿ ಹೊಳೆಯೆಂದರೆ ಮೊದಲು ನೆನಪಾಗುವವಳು ಕಾವೇರಮ್ಮೆ: ಅಗಸ್ತ್ಯನ ಕಮಂಡಲದಿಂದ ಹರಿದು, ಬಲಮುರಿಯಲ್ಲಿ ಸ್ತ್ರೀಯರ ಸೀರೆಯ ನಿರಿಗೆಯನ್ನು ಹಿಂದಕ್ಕೆ ಸರಿಸಿದಳೆಂದು ಐತಿಹ್ಯದಲ್ಲಿ ಹೇಳುವ ತಾಯಿ. ಆ ತಾಯಿಯೇ ೨೦೧೯ರ ಆಗಸ್ಟ್ ತಿಂಗಳಿನ ಪ್ರವಾಹದಲ್ಲಿ ನೆಲ್ಯಹುದಿಕೇರಿಯ ದಡದ ಮನೆಗಳನ್ನು ಕೆಡವಿದಳು. ತಾಯಿಯೂ ಹೌದು, ಭಯವೂ ಹೌದು ಎಂಬ ಈ ದ್ವಂದ್ವವು ಬನ್ಯನ್ನನ ಹೊಳೆಯಲ್ಲಿಲ್ಲ. ಕನ್ನಡದಲ್ಲಿ ಕ್ರೈಸ್ತಶ್ರದ್ಧೆಯ ಅದ್ಭುತಕಥೆಯನ್ನು ಸ್ವತಂತ್ರವಾಗಿ ಬರೆಯುವವನಿಗೆ ಅದು ದೊರೆಯಬಲ್ಲ ಸಂಪತ್ತು.

೫

ಗ್ರಂಥದ ಘೋರವಾದ ದೋಷವೊಂದು ಉಳಿದಿದೆ. ಮರಣಚ್ಛಾಯೆಯ ಕಣಿವೆಯ ಕೊನೆಯಲ್ಲಿ ಒಂದು ಗುಹೆ. ಅದರಲ್ಲಿ ಹಿಂದೆ ವಾಸವಾಗಿದ್ದ ಇಬ್ಬರು ರಾಕ್ಷಸರಲ್ಲಿ ಒಬ್ಬನು ಪೋಪನು, ಮತ್ತೊಬ್ಬನು ಅನ್ಯದೇವಾರಾಧಕನು. ಎರಡನೆಯವನು ಸತ್ತು ಬಹುಕಾಲವಾಯಿತೆಂದೂ, ಮೊದಲನೆಯವನು ಮುದುಕನಾಗಿ ಹಲ್ಲು ಕಿರಿಯುತ್ತ ಉಗುರು ಕಚ್ಚುತ್ತ ಕುಳಿತಿರುವನೆಂದೂ ಬನ್ಯನ್ನನು ಬರೆದಿರುವನು. ಇಂಗ್ಲೆಂಡಿನಲ್ಲಿ ಇದನ್ನು ಓದಿ ನಕ್ಕು ಮುಂದೆ ಹೋಗಬಹುದಾಗಿತ್ತು. ಕನ್ನಡಕ್ಕೆ ಬಂದೊಡನೆ ಅದೇ ಗುಹೆಯಲ್ಲಿ ಓದುಗನು ತನ್ನನ್ನೇ ಕಾಣುವನು. ನೆಲ್ಯಹುದಿಕೇರಿಯಂಥ ಊರಿನ ಹಿಂದುವು ‘ಸತ್ತ’ ರಾಕ್ಷಸನಾಗಿಯೂ, ರೋಮನ್ ಕ್ಯಾಥೋಲಿಕನು ಮುದಿ ರಾಕ್ಷಸನ ಪ್ರಜೆಯಾಗಿಯೂ ನಿಲ್ಲಬೇಕಾಗುವುದು. ಸಾಧಾರಣೀಕರಣವೇ ರಸಕ್ಕೆ ಮೂಲ. ಓದುಗನನ್ನು ಹೊರಗಿಟ್ಟ ಸ್ಥಳದಲ್ಲಿ ಸಾಧಾರಣೀಕರಣಕ್ಕೆ ಎಡೆಯೆಲ್ಲಿ?

ಈ ದೋಷವು ಒಂದು ಮತಕ್ಕೆ ಮಾತ್ರ ಸೇರಿದುದೆಂದು ಹೇಳಲಾಗದು. ‘ಪ್ರಬೋಧಚಂದ್ರೋದಯ’ದ ಮೂರನೆಯ ಅಂಕದಲ್ಲಿ ಬೌದ್ಧಭಿಕ್ಷು, ದಿಗಂಬರಕ್ಷಪಣಕ, ಕಾಪಾಲಿಕ ಇವರನ್ನು ಹಾಸ್ಯಕ್ಕೀಡುಮಾಡಿರುವ ರೀತಿಯೂ ಇಂಥದೇ. ಆ ಅಂಕವನ್ನು ಓದಿ ನಗುವ ಪಂಡಿತನು ಬನ್ಯನ್ನನ ಗುಹೆಯನ್ನು ಕಂಡು ಸಿಡುಕುವುದು ನ್ಯಾಯವಲ್ಲ. ಕ್ಷೇಮೇಂದ್ರನು ಹೇಳಿದ ಔಚಿತ್ಯವು ಎರಡೆಡೆಯಲ್ಲಿಯೂ ಭಗ್ನವಾಗಿದೆ. ತತ್ತ್ವವನ್ನು ಅಲ್ಲಗಳೆಯುವುದು ಶಾಸ್ತ್ರದ ಕೆಲಸ. ಅದಕ್ಕೆ ಪೂರ್ವಪಕ್ಷ ಸಿದ್ಧಾಂತಗಳೆಂಬ ಮರ್ಯಾದೆಯುಂಟು. ಕಲ್ಪಿತಕಥೆಯಲ್ಲಿ ರಾಕ್ಷಸನಾದವನಿಗೆ ಉತ್ತರ ಹೇಳುವ ಅವಕಾಶವೇ ಇರುವುದಿಲ್ಲ.

೬

ಬನ್ಯನ್ನನ ತರುವಾಯ ಈ ಪರಂಪರೆಯು ಬೇರೆ ದಾರಿಯನ್ನು ಹಿಡಿಯಿತು. ಜಾರ್ಜ್ ಮೆಕ್‌ಡೊನಾಲ್ಡನು ೧೮೫೮ರಲ್ಲಿ ಬರೆದ ‘ಫ್ಯಾಂಟಸ್ಟೀಸ್’ ಎಂಬ ಕಥೆಯಲ್ಲಿ ಹಣೆಬರಹದ ಹೆಸರುಗಳಿಲ್ಲ. ಯಕ್ಷಲೋಕದ ಕಾಡೊಂದಿದೆ, ಅದರ ಅರ್ಥವನ್ನು ಓದುಗನೇ ಹುಡುಕಬೇಕು. ಅದನ್ನೋದಿ ಮನಸ್ಸು ಮಾರ್ಪಟ್ಟ ಸಿ. ಎಸ್. ಲೂಯಿಸನು ೧೯೩೩ರಲ್ಲಿ ಬನ್ಯನ್ನನ ಮಾದರಿಯಲ್ಲಿಯೇ ‘ಪಿಲ್‌ಗ್ರಿಮ್ಸ್ ರಿಗ್ರೆಸ್’ ಎಂಬುದನ್ನು ಬರೆದು, ಅನಂತರ ಆ ಮಾದರಿಯನ್ನು ಬಿಟ್ಟು, ೧೯೫೦ರಿಂದ ೧೯೫೬ರವರೆಗೆ ನಾರ್ನಿಯಾ ಎಂಬ ಕಲ್ಪಿತಲೋಕದ ಏಳು ಕಥೆಗಳನ್ನು ಹೊರತಂದನು. ಅಲ್ಲಿಯ ಅಸ್ಲನ್ ಎಂಬ ಸಿಂಹವು ಅಪರಾಧಿಯಾದ ಬಾಲಕನಿಗಾಗಿ ಸತ್ತು ಮತ್ತೆ ಏಳುವುದು. ಅದು ರೂಪಕವಲ್ಲ, ಅಂಥದೊಂದು ಲೋಕವಿದ್ದು ದೇವಪುತ್ರನು ಅಲ್ಲಿ ಅವತರಿಸಿದರೆ ಹೇಗಿದ್ದಾನು ಎಂಬ ಊಹೆಯೆಂದು ಲೂಯಿಸನೇ ಹೇಳಿರುವನು. ಅವನ ಮಿತ್ರನಾದ ಜೆ. ಆರ್. ಆರ್. ಟೋಲ್ಕಿನನಿಗೆ ರೂಪಕಕಥೆಯೆಂದರೇ ಅರುಚಿ. ೧೯೩೯ರಲ್ಲಿ ಉಪನ್ಯಾಸವಾಗಿ ಹೇಳಿ ೧೯೪೭ರಲ್ಲಿ ಅಚ್ಚು ಮಾಡಿಸಿದ ಪ್ರಬಂಧದಲ್ಲಿ ಅವನು, ಸೃಷ್ಟಿಕರ್ತನಿಂದ ಸೃಷ್ಟನಾದ ಮನುಷ್ಯನು ತಾನೂ ಒಂದು ಉಪಸೃಷ್ಟಿಯನ್ನು ಮಾಡಬಲ್ಲನೆಂದು ಪ್ರತಿಪಾದಿಸಿದನು. ಕಾವ್ಯಸಂಸಾರದಲ್ಲಿ ಕವಿಯೇ ಪ್ರಜಾಪತಿಯೆಂಬ ಭಾರತೀಯ ಮತಕ್ಕೆ ಇದು ಸಮೀಪವಾದರೂ ಒಂದಂಶದಲ್ಲಿ ಭಿನ್ನವಾಗಿದೆ. ಇಲ್ಲಿ ಕವಿಯು ಸ್ವತಂತ್ರ; ಅಲ್ಲಿ ಅವನು ಸೇವಕ.

ಇಲ್ಲಿ ಒಂದು ಪೂರ್ವಪಕ್ಷವು ಬರುವುದು. ಕ್ರೈಸ್ತನಿಗೆ ಯೇಸುವಿನ ಅದ್ಭುತಗಳು ನಡೆದ ಸಂಗತಿಗಳು. ಅವುಗಳ ಪಕ್ಕದಲ್ಲಿ ಮಾತಾಡುವ ಸಿಂಹವನ್ನು ನಿಲ್ಲಿಸಿದರೆ ಸತ್ಯವೂ ಕಟ್ಟುಕಥೆಯಂತೆ ತೋರದೆ? ಇದಕ್ಕೆ ಶ್ರೀಶಂಕುಕನ ಚಿತ್ರತುರಗನ್ಯಾಯದಿಂದ ಸಮಾಧಾನ ಹೇಳಬಹುದು. ಚಿತ್ರದ ಕುದುರೆಯನ್ನು ಕಂಡವನು ಇದು ಕುದುರೆಯೇ ಎಂದೂ ಅಲ್ಲವೆಂದೂ ಇರಬಹುದೇನೋ ಎಂದೂ ತಿಳಿಯುವುದಿಲ್ಲ. ಸತ್ಯ ಮಿಥ್ಯಾ ಸಂಶಯಗಳಿಗೆ ಬೇರೆಯಾದ ಒಂದು ಪ್ರತೀತಿಯಲ್ಲಿ ನಿಲ್ಲುವನು. ಆ ಪ್ರತೀತಿಯು ಲಾಯದ ಕುದುರೆಯನ್ನು ಸುಳ್ಳುಮಾಡುವುದಿಲ್ಲ.

ಇದಕ್ಕಿಂತ ಕಠಿನವಾದ ಪ್ರಶ್ನೆ ಇನ್ನೊಂದು. ಅವತಾರವು ಒಂದೇ ಸಲ, ಒಬ್ಬನಲ್ಲಿಯೇ ನಡೆದುದೆಂದು ಕ್ರೈಸ್ತಸಿದ್ಧಾಂತ. ದಶಾವತಾರಗಳನ್ನು ಕೇಳಿ ಬೆಳೆದ ಕನ್ನಡ ಬಾಲಕನು ಅಸ್ಲನನ್ನು ಕಂಡು ನರಸಿಂಹನನ್ನು ನೆನೆದು ಸಂತೋಷಪಡುವನು. ಕವಿಯು ಉದ್ದೇಶಿಸಿದ ಏಕೈಕತೆಯು ಅವನಿಗೆ ಹೊಳೆಯಲಾರದು. ಇದನ್ನು ಲೂಯಿಸನ ಸೋಲೆಂದು ಎಣಿಸಬೇಕಾಗಿಲ್ಲ. ಆದರೆ ಅನುವಾದ ಅನುಕರಣಗಳಿಂದ ಶ್ರದ್ಧೆಯು ಭಾಷೆಯಿಂದ ಭಾಷೆಗೆ ಹಾಗೆಯೇ ಸಾಗಿ ಬರುವುದೆಂದು ನಂಬಿದವರು ಇಲ್ಲಿ ನಿಂತು ಆಲೋಚಿಸಬೇಕು.

೭

ಕನ್ನಡದ ನೆರೆಹೊರೆಯಲ್ಲಿ ಸ್ವತಂತ್ರಮಾರ್ಗಗಳು ಇಲ್ಲದಿಲ್ಲ. ಥಾಮಸ್ ಸ್ಟೀಫನ್ಸನು ೧೬೧೬ರಲ್ಲಿ ಗೋವೆಯ ರಾಯತೂರಿನಲ್ಲಿ ಅಚ್ಚು ಹಾಕಿಸಿದ ‘ಕ್ರಿಸ್ತಪುರಾಣ’ವು ಮರಾಠಿಯ ಓವಿಯಲ್ಲಿ ಯೇಸುವಿನ ಚರಿತ್ರೆಯನ್ನು ಹಾಡಿತು. ಕಿಟ್ಟೆಲನು ೧೮೬೨ರ ‘ಕಥಾಮಾಲೆ’ಯಲ್ಲಿ ಅದೇ ಚರಿತ್ರೆಯನ್ನು ಕನ್ನಡದ ಪದ್ಯಕ್ಕೆ ತಂದನು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ‘ಗೊಲ್ಗೊಥಾ’ ಖಂಡಕಾವ್ಯದಲ್ಲಿ ಯೇಸುವಿನ ಕೊನೆಯ ದಿನವನ್ನು ಕರುಣರಸದ ಶಿಖರಕ್ಕೆ ಏರಿಸಿದರು. ಇವು ಮೂರೂ ಚರಿತ್ರೆಯ ವಸ್ತುವನ್ನು ಹಿಡಿದುವು. ಕಲ್ಪಿತವಸ್ತುವಿನ ದಾರಿ ಬಹುಮಟ್ಟಿಗೆ ತೆರವಾಗಿಯೇ ಇದೆ.

ಆ ದಾರಿಯನ್ನು ಹಿಡಿಯುವ ಕನ್ನಡ ಕ್ರೈಸ್ತಲೇಖಕನಿಗೆ ಬನ್ಯನ್ನನಿಂದ ಕಲಿಯತಕ್ಕುದೂ ಬಿಡತಕ್ಕುದೂ ಸಮವಾಗಿವೆ. ಹಣೆಯ ಮೇಲಿನ ಹೆಸರನ್ನು ಬಿಡಬಹುದು. ಬೀಳುವ ಹೊರೆಯನ್ನು ಬಿಡಬಾರದು. ಗುಹೆಯ ರಾಕ್ಷಸರನ್ನು ಬಿಡಲೇಬೇಕು. ಮುಳುಗುವವನ ತಲೆಯನ್ನು ಎತ್ತಿಹಿಡಿದ ಜೊತೆಗಾರನನ್ನು ಉಳಿಸಿಕೊಳ್ಳಬೇಕು. ಹಿಮದ ನಾಡಿನಿಂದ ಸಿಂಹವನ್ನೂ ದೀಪಸ್ತಂಭವನ್ನೂ ಎರವಲು ತರಬೇಕಾಗಿಲ್ಲ. ಕಕ್ಕಡದ ಮಳೆ, ದೇವರಕಾಡಿನ ಮೌನ, ತೋಟದ ಲೈನುಮನೆಯ ಸಂಜೆಯ ದೀಪ ಇವುಗಳಲ್ಲಿ ಅದ್ಭುತಕ್ಕೆ ಬೇಕಾದಷ್ಟು ವಿಭಾವಸಾಮಗ್ರಿ ಇದೆ. ಆದರೆ ಆ ಕಾಡಿನ ದೇವತೆಯನ್ನು ಪಿಶಾಚಿಯಾಗಿ ಬರೆದರೆ ನೆರೆಮನೆಯವನು ಪುಸ್ತಕವನ್ನು ಮುಚ್ಚಿಡುವನು. ಅದನ್ನು ಬರಿಯ ಅಲಂಕಾರವಾಗಿ ಬಳಸಿಕೊಂಡರೆ ಲೇಖಕನ ಸ್ವಂತ ಶ್ರದ್ಧೆಯೇ ತೆಳುವಾಗುವುದು. ಈ ಎರಡರ ನಡುವಣ ದಾರಿಯು ಬನ್ಯನ್ನನ ಬಾಗಿಲಿನಷ್ಟೇ ಇಕ್ಕಟ್ಟಾದುದೆಂಬುದರಲ್ಲಿ ಸಂದೇಹವಿಲ್ಲ.

‘ಯಾತ್ರಿಕನ ಸಂಚಾರ’ವನ್ನು ಮಿಷನರಿಗಳ ಕಾಲದ ಒಂದು ಉಪದೇಶಪುಸ್ತಕವೆಂದು ಎಣಿಸಿ ಅದರ ಕಥೆಯನ್ನು ಓದದೆ ಇರುವುದು ಕನ್ನಡ ವಿಮರ್ಶೆಗೆ ಶೋಭೆಯಲ್ಲ. ಅದರ ಅರ್ಧವು ಪ್ರಭುಸಂಮಿತವೇ ಸರಿ. ಉಳಿದರ್ಧದಲ್ಲಿ, ಹನ್ನೆರಡು ವರ್ಷ ಸೆರೆಯಲ್ಲಿದ್ದವನೊಬ್ಬನು ಬಾಗಿಲು ತೆರೆಯುವುದನ್ನು ಕನಸು ಕಂಡಿರುವನು. ಆ ಕನಸಿಗೆ ಕನ್ನಡದಲ್ಲಿ ಸಹೃದಯರು ಇನ್ನೂ ದೊರೆಯತಕ್ಕದ್ದಿದೆ.